ಕೆನೆ ಕರಗದ ಕೆರೆ

ಹಿರೇಗುಂದದ ಕೆರೆಗೆ ಕೆನೆ ಕಟ್ಟಿಸುವುದು ಶುರುವಾಗಿ ಅದು ನಾಲ್ಕನೆಯ ವರ್ಷ. ಪುಷ್ಯದ ಬನದ ಹುಣ್ಣಿಮೆಯ ಮರುದಿನ ಕೆರೆ ಸಂಶೋಧನಾ ಕೇಂದ್ರದವರು ದೋಣಿಯಲ್ಲಿ ಕೂತು ಬಿಳಿ ಗಂಜಿಯಂಥದ್ದನ್ನು ನೀರಿಗೆ ಚಿಮುಕಿಸುತ್ತಾರೆ. ಎಂಟು ದಿನ ಕಳೆಯುವುದರೊಳಗೆ ಕೆರೆ ಈ ದಡದಿಂದ ಆ ದಡದವರೆಗೆ ಬೆಳ್ಳಗೆ ಮುಚ್ಚಿಕೊಳ್ಳುತ್ತದೆ. ಬೆರಳು ದಪ್ಪದ ಪದರ. ಅದರ ಮೇಲೆ ಕೊಕ್ಕರೆ ನಡೆದಾಡಬಹುದು, ಧೈರ್ಯವಿದ್ದ ನಾಯಿಯೂ ನಡೆದಾಡಬಹುದು. ಮನುಷ್ಯ ಕಾಲಿಟ್ಟರೆ ಸೊಂಟದವರೆಗೆ ಇಳಿದು ಊರ ಮುಂದೆ ನಗೆಪಾಟಲಾಗುತ್ತಾನೆ. ಬಿಸಿಲು ಆ ಬಿಳುಪಿನ ಮೇಲೆ ಬಿದ್ದು ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗುತ್ತದೆ, ಕೆಳಗೆ ನೀರು ತಣ್ಣಗೆ ಉಳಿಯುತ್ತದೆ. ಕೆನೆ ಬರುವ ಮುಂಚೆ ಬಿಸಿಲುಗಾಲದಲ್ಲಿ ಆಳೆತ್ತರದ ನೀರು ಆಕಾಶದ ಪಾಲಾಗುತ್ತಿತ್ತು. ಈಗ ಮೊಳದಷ್ಟು ಇಳಿದರೆ ಹೆಚ್ಚು.

ಹಾಗಂತ ವರ್ಷವಿಡೀ ಮುಚ್ಚಿಟ್ಟರೆ ಮೀನು ಉಸಿರಾಡುವುದು ಬೇಡವೇ, ಅಂಬಿಗರು ಬದುಕುವುದು ಬೇಡವೇ? ಅದಕ್ಕೇ ಕೆನೆಗೆ ತೊಂಬತ್ತು ದಿನದ ಆಯುಸ್ಸು ಕಟ್ಟಿ ಕಳಿಸಿದ್ದರು. ಅದನ್ನು ನೇಯುವುದು ಕಣ್ಣಿಗೆ ಕಾಣದ ಜೀವಿಗಳು. ಅದೇ ಕೆರೆಯ ಪಾಚಿಯಿಂದ ಹೆಕ್ಕಿ, ಹೊರದೇಶದ ಪ್ರಯೋಗಾಲಯದಲ್ಲಿ ತಿದ್ದಿ, ಬೆಳೆಸಿದವು. ಪ್ರತಿದಿನದ ಬೆಳಕು ಬಿದ್ದಾಗ ಅವು ಒಳಗೇ ಒಂದು ಎಣಿಕೆ ಹಾಕಿಕೊಳ್ಳುತ್ತವೆ. ಎಣಿಕೆ ತೊಂಬತ್ತಕ್ಕೆ ಬಂದಾಗ ಸಾಯುತ್ತವೆ. ಅವು ಹೆಣೆದ ಎಳೆಗಳು ಸಡಿಲವಾಗಿ, ಕರಗಿ, ಮೀನಿನ ಮೇವಾಗುತ್ತವೆ. ಮೂರು ವರ್ಷ ಹೀಗೇ ನಡೆಯಿತು. ಚೈತ್ರದ ದವನದ ಹುಣ್ಣಿಮೆ ಹೊತ್ತಿಗೆ ಹಳೇ ಘಾಟಿನ ಮೆಟ್ಟಿಲ ಹತ್ತಿರ ಕೆರೆ ಬಾಯಿ ಬಿಡುತ್ತಿತ್ತು, ನಾಲ್ಕು ದಿನದಲ್ಲಿ ನೀರೆಲ್ಲ ಬಯಲಾಗುತ್ತಿತ್ತು. ಆಮೇಲೆ ಹರಿಗೋಲುಗಳದೇ ರಾಜ್ಯ. ಆಚೆ ದಡದ ಏಳು ಊರಿನ ಜನ, ಬಲೆ ಬೀಸುವವರು, ರಜೆಗೆ ಬಂದು ಹರಿಗೋಲಿನಲ್ಲಿ ಗಿರಗಿರ ತಿರುಗಿ ಕಿರುಚಿಕೊಳ್ಳುವ ಪಟ್ಟಣದ ಮಂದಿ, ಎಲ್ಲರೂ ಘಾಟಿನಲ್ಲೇ.

ಈ ವರ್ಷ ದವನದ ಹುಣ್ಣಿಮೆ ಬಂದು ಹೋಯಿತು. ಅದರ ಮುಂದಿನ ತಿಂಗಳ ಆಗಿ ಹುಣ್ಣಿಮೆಯೂ ಬಂದು ಹೋಯಿತು. ಕೆರೆ ಬಾಯಿ ಬಿಡಲಿಲ್ಲ.

ಸರಿಯಾಗಿ ಹೇಳಬೇಕೆಂದರೆ ಬಿಟ್ಟಿತ್ತು, ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಇದನ್ನು ಎಲ್ಲರಿಗಿಂತ ಮೊದಲು ಕಂಡವಳು ಸಾವಂತ್ರಿ. ದಡದ ಮೇಲಿನ ಕೇಂದ್ರದಲ್ಲಿ ಯಂತ್ರದ ಕೋಣೆ ಅವಳ ಸುಪರ್ದಿಯಲ್ಲಿತ್ತು. ಹನ್ನೆರಡು ತೇಲುಬುಡ್ಡಿಗಳು ಕೆರೆಯ ಹನ್ನೆರಡು ಕಡೆ ಕೂತು ಕೆನೆ ಎಷ್ಟು ಗಟ್ಟಿಯಾಗಿದೆ ಅನ್ನುವುದನ್ನು ಅಲ್ಲಿಗೆ ತಿಳಿಸುತ್ತಿದ್ದವು. ಪರದೆಯ ಮೇಲೆ ಹನ್ನೆರಡು ಗೆರೆ. ನೂರು ಅಂದರೆ ಪೂರ್ತಿ ಗಟ್ಟಿ. ಇಪ್ಪತ್ತಕ್ಕೆ ಇಳಿದರೆ ಹರಿಗೋಲು ಬಿಡಬಹುದು. ಸಾವಂತ್ರಿ ಅಂಬಿಗರ ಮನೆಯ ಸೊಸೆ, ಡಿಪ್ಲೊಮಾ ಓದಿದವಳು. ನಾಲ್ಕು ವರ್ಷದ ಹಿಂದೆ ಕೆನೆ ಬೇಡವೆಂದು ಹಟ ಹಿಡಿದಿದ್ದ ಅಂಬಿಗರ ಓಣಿಯನ್ನು ಮನೆಮನೆಗೆ ಹೋಗಿ ಒಪ್ಪಿಸಿದವಳೂ ಅವಳೇ. "ತೊಂಬತ್ತ ದಿನ ತಡಕೋರಿ. ತೊಂಬತ್ತೊಂದನೇ ದಿನಕ್ಕ ನಿಮ್ಮ ಹರಗೋಲ ನೀರಾಗ ಇರತಾವ. ನನ್ನ ಮಾತಿದು," ಎಂದು ಎದೆ ಮುಟ್ಟಿಕೊಂಡು ಹೇಳಿದ್ದಳು. ಈ ವರ್ಷ ಕೆನೆ ಹಾಕಿ ಇವತ್ತಿಗೆ ನೂರಾ ಇಪ್ಪತ್ತೆಂಟನೆಯ ದಿನ, ಗುರುವಾರ.

"ನೋಡ್ರಿ ಮೇಡಂ, ಸೋಮವಾರ ಎಂಬತ್ತಿತ್ತು, ಇವತ್ತ ನಲವತ್ತೆಂಟಕ್ಕ ಬಂದೈತಿ," ಎಂದು ಅವಳು ಘಾಟಿನ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು. "ನಾಳೆ ಮೂವತ್ತೈದು ಆಗತೈತಿ. ಶನಿವಾರ ಮತ್ತ ತೊಂಬತ್ತಕ್ಕ ಜಿಗೀತೈತಿ. ಐದು ವಾರದಿಂದ ಇದ ಹಾಡು."

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಫಿಲೋಮಿನಾ ಲೋಬೋ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಮಂಗಳೂರು ಕಡೆಯವರು. ಕಡಲು ನೋಡಿ ಬೆಳೆದವರಿಗೆ ಒಂದು ಕೆರೆ ಇಷ್ಟು ಆಟ ಆಡಿಸುತ್ತದೆಂದು ಕನಸಿನಲ್ಲೂ ಅನಿಸಿರಲಿಲ್ಲ.

"ಶನಿವಾರಕ್ಕೂ ಪದರಕ್ಕೂ ಎಂತ ಸಂಬಂಧ ಮಾರಾಯ್ತಿ? ಅದಕ್ಕೆ ವಾರ ಗೊತ್ತುಂಟಾ?" ಕೇಂದ್ರದವರೆಲ್ಲ ಅದನ್ನು ಪದರ ಎಂದೇ ಕರೆಯುತ್ತಿದ್ದರು. ಕೆನೆ ಅನ್ನುವುದು ಊರಿನ ಮಾತು. "ಶುಕ್ರವಾರ ಹೆಂಗಸರು ಪೂಜೆ ಮಾಡ್ತಾರಲ್ಲ ಅಂತ ಅರಶಿನ ನೋಡಿದೆ, ಕುಂಕುಮ ನೋಡಿದೆ, ಅಕ್ಕಿ ನೋಡಿದೆ. ಯಾವುದೂ ಅಲ್ಲ. ತೆಂಗಿನಕಾಯಿ ಸಹ ಒಡೆದು ನೋಡಿ ಆಯ್ತು."

"ಕೊಬ್ಬರಿ ಆದರೂ ತಿಂದ್ರಿಲ್ರೀ?"

ಲೋಬೋ ನಗಲಿಲ್ಲ. ಮೇಜಿನ ಮೇಲಿದ್ದ ಪತ್ರವನ್ನು ಅವಳ ಕಡೆ ಸರಿಸಿದರು. ಮುಖ್ಯ ಕಚೇರಿಯಿಂದ ಬಂದದ್ದು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೆರೆಗೆ ತಾಮ್ರದ ಔಷಧ ಸಿಂಪಡಿಸುವುದು. ಔಷಧದ ಪೀಪಾಯಿಗಳು ಭಾನುವಾರವೇ ಲಾರಿಯಲ್ಲಿ ಬರುತ್ತವೆ. ಪದರ ಎರಡು ದಿನದಲ್ಲಿ ನಾಶವಾಗುತ್ತದೆ. ಜತೆಗೆ ಮೀನು, ಮೀನಿನ ಮೊಟ್ಟೆ, ಜೊಂಡು, ಎಲ್ಲ. ಮೂರು ವರ್ಷ ಆ ನೀರಿನಲ್ಲಿ ಏನೂ ಹುಟ್ಟುವುದಿಲ್ಲ.

"ಹಾಕದೆ ಬಿಟ್ಟರೆ ಕೆಳಗೆ ಮೀನು ಉಸಿರು ಕಟ್ಟಿ ಹೇಗೂ ಸಾಯ್ತಾವೆ ಅಂತಾರೆ ಅವರು. ಅದು ಸುಳ್ಳಲ್ಲ," ಎಂದರು ಲೋಬೋ. "ಸೋಮವಾರದ ಒಳಗೆ ಕೆರೆ ತಾನಾಗಿ ತೆರೆದರೆ ಮಾತ್ರ ಆಜ್ಞೆ ರದ್ದು. ನನಗೆ ತಲೆಯೇ ಓಡುದಿಲ್ಲ."

ಸಾವಂತ್ರಿ ಪತ್ರವನ್ನು ಎರಡು ಸಲ ಓದಿದಳು. ಮೂರು ವರ್ಷ ಮೀನಿಲ್ಲದ ಕೆರೆಯ ದಡದಲ್ಲಿ ಅಂಬಿಗರ ಓಣಿ ಉಳಿಯುವುದಿಲ್ಲ, ಅದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊಟದ ಹೊತ್ತಿಗೆ ಮನೆಗೆ ನಡೆದಾಗ ದಾರಿಯಲ್ಲಿ ಮಾತಾಡಿಸಿದವರಿಗೆ ಏನು ಉತ್ತರ ಕೊಟ್ಟಳೋ ಅವಳಿಗೇ ನೆನಪಿಲ್ಲ.

ಮನೆ ಮುಂದೆ ಬೇವಿನ ನೆರಳಲ್ಲಿ ಹರಿಗೋಲು ಬೋರಲು ಬಿದ್ದಿತ್ತು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದವಳು ಅತ್ತೆ ಗಾಳೆವ್ವ. ಅರವತ್ತೆರಡು ವಯಸ್ಸು, ಗಂಡ ಹೋದ ಮೇಲೆ ಹುಟ್ಟು ಕೈಗೆತ್ತಿಕೊಂಡವಳು, ಘಾಟಿನ ಹನ್ನೊಂದು ಅಂಬಿಗರಲ್ಲಿ ಒಬ್ಬಳೇ ಹೆಂಗಸು. ಮಗ ಹನುಮೇಶ ಮೀನಿನ ಲಾರಿ ಓಡಿಸುತ್ತಿದ್ದ. ಮೀನಿಲ್ಲದೆ ಲಾರಿ ನಿಂತ ಮೇಲೆ ಈರುಳ್ಳಿ ಹೇರಿಕೊಂಡು ಎಲ್ಲೋ ದೂರ ಹೋಗಿದ್ದ. ಗಾಳೆವ್ವ ಹರಿಗೋಲಿನ ತಳಕ್ಕೆ ಈ ಬೇಸಿಗೆಯಲ್ಲಿ ಮೂರನೆಯ ಸಲ ಡಾಂಬರು ಬಳಿಯುತ್ತಿದ್ದಳು. ಬೇರೆ ಕೆಲಸ ಇರಲಿಲ್ಲ, ಸುಮ್ಮನೆ ಕೂಡುವ ಜೀವವೂ ಅದಲ್ಲ.

"ಬಾರವಾ ಕೆರಿ ಡಾಕ್ಟರವ್ವ," ಎಂದಳು ತಲೆಯೆತ್ತದೆ. "ಏನಂತಾಳ ನಿನ್ನ ರೋಗಿ? ಬಾಯಿ ಬಿಡತಾಳೋ, ಇಲ್ಲಾ ನಾ ಈ ಹರಗೋಲದಾಗ ಹಪ್ಪಳ ಒಣಗಿಸಲ್ಯೋ?"

"ಸೋಮವಾರ ವಿಷ ಹಾಕತಾರಂತ ಅತ್ತಿ."

ಗಾಳೆವ್ವನ ಕೈಯಲ್ಲಿದ್ದ ಬಟ್ಟೆಯ ಉಂಡೆ ಡಾಂಬರಿನಲ್ಲೇ ನಿಂತಿತು. ಸಾವಂತ್ರಿ ಎಲ್ಲ ಹೇಳಿದಳು. ಮುದುಕಿ ಡಾಂಬರಿನ ಡಬ್ಬಿ ಬದಿಗೆ ಸರಿಸಿ, "ಮೊದಲು ನೀರ ಕುಡಿ ಹೋಗು. ಮುಖ ನೋಡಿಕೋ, ಸುಣ್ಣ ಆಗೈತಿ," ಅಂದಳು.

ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಕುಡಿಯುವ ನೀರಿನ ಗಡಿಗೆ. ಸಾವಂತ್ರಿ ಮುಚ್ಚಳ ತೆಗೆದಳು. ಒಳಗೆ ನೀರಿನ ಮೇಲೆ ಬೆಳ್ಳಗೆ, ಬಿಗಿಯಾಗಿ, ದುಂಡಗೆ ಒಂದು ಕೆನೆ. ಬೆರಳಿಂದ ಅಂಚನ್ನು ಸರಿಸಿ ಲೋಟ ಅದ್ದಿದಳು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಈ ಕೆನೆಯನ್ನು ಮನೆಗೆ ತಂದವಳು ಅವಳೇ. ಈ ವರ್ಷ ಮಾಘದಲ್ಲೇ ಬಿಸಿಲು ಕೆಂಡ ಕಾರಿತ್ತು. ಗಾಳೆವ್ವನಿಗೆ ಕಣ್ಣುರಿ, ಅಂಗಾಲುರಿ. ಕೆನೆ ಮುಟ್ಟಬಾರದು, ಒಯ್ಯಬಾರದು ಎಂದು ದಡದುದ್ದಕ್ಕೂ ಫಲಕ ಹಾಕಿಸಿದ್ದ ಕೇಂದ್ರದ ನೌಕರಿಯವಳೇ ಒಂದು ಸಂಜೆ ಅಂಗೈಯಷ್ಟು ತುಂಡನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಳು. ಅತ್ತೆಗೆ ತಣ್ಣನೆ ನೀರು ಸಿಗಲಿ ಎಂದು. ತೊಂಬತ್ತು ದಿನಕ್ಕೆ ಸಾಯುವ ವಸ್ತು, ಯಾರಿಗೇನು ನಷ್ಟ ಎಂದು.

ಎರಡನೆಯ ಲೋಟ ಅದ್ದುವಾಗ ಅವಳ ಕೈ ನಿಂತುಬಿಟ್ಟಿತು. ತೊಂಬತ್ತು ದಿನ ಎಂದೋ ಮುಗಿದಿತ್ತಲ್ಲ. ಇದು ಯಾಕೆ ಸತ್ತಿಲ್ಲ?

"ಅತ್ತೀ!" ಅವಳ ದನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು. "ಈ ಗಡಗ್ಯಾಗಿಂದು ನಾ ತಂದಿದ್ದ ತುಂಡ ಏನು?"

"ಮತ್ತಿನ್ಯಾವುದು? ಅದರ ಮರಿ ಅನ್ನು, ಮೊಮ್ಮಗ ಅನ್ನು." ಗಾಳೆವ್ವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಅರ್ಧ ಮುರದು ತಗದರ ಎರಡ ದಿನದಾಗ ಮತ್ತ ಗಡಿಗಿ ಬಾಯಿ ತುಂಬತೈತಿ. ಓಣ್ಯಾಗ ಎಲ್ಲಾರಿಗೂ ನಾನ ಕೊಟ್ಟೀನಿ. ಥೇಟ್ ಹೆಪ್ಪು ಇದ್ದಂಗ ಐತಿ ನೋಡು. ಒಂಚೂರು ಬಿಟ್ಟರ ಸಾಕು, ಗಟ್ಟಿ ಕೂಡತೈತಿ."

"ಅರ್ಧ ಯಾಕ ಮುರದು ತಗೀತೀರಿ?"

ಗಾಳೆವ್ವ ಒಂದು ಗಳಿಗೆ ಅತ್ತಿತ್ತ ನೋಡಿದಳು. "ನಿಮ್ಮ ಮೇಡಮ್ಮಗ ಹೇಳಬ್ಯಾಡ. ಶುಕ್ರವಾರ ಕೆರಿ ಗಂಗವ್ವನ ಉಡಿ ತುಂಬತೀವಲ್ಲ, ಅದರಾಗ ಇಡತೀವಿ. ಅಕಿ ಮೈಮ್ಯಾಲಿಂದ ತಂದದ್ದು, ಅಕಿಗೆ ತಿರುಗಿ ಮುಟ್ಟಿಸಬೇಕಲ್ಲವಾ. ನೀವು ಮುಟ್ಟಬಾರದಂತ ಬೋರ್ಡ್ ಬರದೀರಿ ಅಂತ ಕುಪ್ಪಸದ ಕಣದ ಬಟ್ಟ್ಯಾಗ ಸುತ್ತಿ, ಅಕ್ಕಿ ನಡುವ ಮುಚ್ಚಿ ಬಿಡತೀವಿ."

"ಯಾವಾಗಿಂದ?"

"ದವನದ ಹುಣ್ಣಿವಿ ಆದ ಮ್ಯಾಲ ಘಾಟಿನಾಗ ಒಂದೀಟು ಬಾಯಿ ಬಿಡತಲ್ಲ, ಆವತ್ತಿಂದ. ಮರುದಿನ ಮುಚ್ಚಿಕೊಂತು. ಗಂಗವ್ವ ಮುನಿಸಿಕೊಂಡಾಳ, ಕಡಿಮಿ ಆತೇನೋ ಅಂತ ಮುಂದಿನ ಶುಕ್ರವಾರ ಮೂರು ಓಣಿಯವರು ಹೋದ್ವಿ. ಅದರ ಮುಂದಿನ ವಾರ ಊರ ಹೆಂಗಸರೆಲ್ಲ. ಹೋದ ವಾರ ನೂರಾ ನಲವತ್ತು ಉಡಿ." ಗಾಳೆವ್ವ ನಿಟ್ಟುಸಿರಿಟ್ಟಳು. "ಎಷ್ಟ ತುಂಬಿದರೂ ಅಕಿ ಮನಸ್ಸು ಕರಗವಲ್ದು."

ಸಾವಂತ್ರಿ ಗಡಿಗೆಯ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂದವು. ಕತ್ತಲೆಯ ಗಡಿಗೆಯಲ್ಲಿ ಬೆಳಕಿಲ್ಲ. ಬೆಳಕಿಲ್ಲದೆ ಜೀವಿಗಳಿಗೆ ದಿನ ಎಣಿಸಲು ಬರುವುದಿಲ್ಲ. ಮಾಘದಲ್ಲಿ ಎಷ್ಟು ಎಳೆಯವಾಗಿದ್ದವೋ ಇಂದಿಗೂ ಅಷ್ಟೇ ಎಳೆಯವು. ಕೆರೆ ಬಾಯಿ ಬಿಡುವ ಜಾಗದಲ್ಲೇ ವಾರ ವಾರ ಹೋಗಿ ಊರ ಹೆಂಗಸರು ಹೊಸ ಹೆಪ್ಪು ಹಾಕಿ ಬರುತ್ತಿದ್ದರು. ಅವು ಸತ್ತ ಎಳೆಗಳನ್ನೇ ಹಿಡಿದು ಮತ್ತೆ ಹೆಣೆದು, ಗಾಳಿಗೆ ತೇಲಿ, ಶನಿವಾರದ ಹೊತ್ತಿಗೆ ಕೆರೆಯನ್ನು ಹೊಸದಾಗಿ ಕಟ್ಟಿಬಿಡುತ್ತಿದ್ದವು. ಹಳೆಯ ಎಳೆ ಕೊಳೆಯುತ್ತ ಹೋದಂತೆ ಅದಕ್ಕೆ ಜೋತುಬಿದ್ದ ಹೊಸವೂ ವಾರದೊಳಗೆ ಸಡಿಲಾಗಿ ಕರಗುತ್ತಿದ್ದವು, ಅಷ್ಟರಲ್ಲಿ ಮತ್ತೆ ಶುಕ್ರವಾರ. ಕೇಂದ್ರದಲ್ಲಿ ಪದರ ಪದರ ಎಂದು ಕರೆದೂ ಕರೆದೂ ಇದು ಹೆಪ್ಪಿನ ಜಾತಿಯದು ಎಂದು ಯಾರಿಗೂ ಹೊಳೆದಿರಲಿಲ್ಲ.

ಅದಕ್ಕಿಂತ ಹೆಚ್ಚು ಅವಳನ್ನು ಚುಚ್ಚಿದ್ದು ಇನ್ನೊಂದು. ಐದು ವಾರ ಅವಳು ಗಾಳಿ ನೋಡಿದಳು, ಬಿಸಿಲು ನೋಡಿದಳು, ನೀರಿನ ಉಪ್ಪು ನೋಡಿದಳು. ತನ್ನ ಮನೆಯ ಗಡಿಗೆಯ ಕಡೆ ಮಾತ್ರ ಯೋಚನೆ ಹರಿಯಲಿಲ್ಲ. ಮುಚ್ಚಿಟ್ಟದ್ದನ್ನು ಮರೆತುಬಿಡುವುದು ಎಷ್ಟು ಸಲೀಸು ಎಂದು ಅವಳಿಗೆ ನಾಚಿಕೆಯಾಯಿತು.

ಗಡಿಗೆಯ ಕೆನೆಯನ್ನು ಡಬ್ಬಿಗೆ ಹಾಕಿಕೊಂಡು ಅವಳು ಉಣ್ಣದೆ ಹೊರಟಳು.

ಲೋಬೋ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಇಪ್ಪತ್ತು ದಿನದ್ದು," ಎಂದರು ನಿಧಾನವಾಗಿ. "ಇದರ ಎಣಿಕೆ ಇಪ್ಪತ್ತರ ಹತ್ತಿರ ನಿಂತಿದೆ. ಇಂಥದ್ದು ನಿಮ್ಮ ಮನೆಯಲ್ಲಿ ಹೇಗೆ?"

"ನಾನ ಒಯ್ದಿದ್ದೆ ಮೇಡಂ. ಮೊದಲನೇ ತುಂಡು ನಂದು."

ಲೋಬೋ ಎದ್ದು ಕಿಟಕಿಯ ಹತ್ತಿರ ಹೋದರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಐದು ವಾರ, ಸಾವಂತ್ರಿ. ನಾನು ಐದು ವಾರ ಸರಿ ಊಟ ಮಾಡ್ಲಿಲ್ಲ. ಅಕ್ಕಿ ಕಾಳು ಸಹ ಒಂದೊಂದೇ ಕೂತು ನೋಡಿದ್ದೇನೆ. ನೀವು ಪಕ್ಕದಲ್ಲೇ ಇದ್ರಿ."

"ತಪ್ಪಾತ್ರಿ," ಎಂದಳು ಸಾವಂತ್ರಿ. ಕಣ್ಣೀರು ತಡೆಯಲು ಹೋಗಲಿಲ್ಲ. "ನನ್ನ ಕೆಲಸದಿಂದ ತಗೀರಿ ಬೇಕಾದರ. ಆದರ ನಾಳೆ ಶುಕ್ರವಾರ. ಮುಂಜಾನೆ ಹತ್ತಕ್ಕ ಅವರೆಲ್ಲ ಮತ್ತ ಬರತಾರ. ಅದೊಂದು ನಿಂದರಸಬೇಕು."

ಲೋಬೋ ತಿರುಗಿ ಅವಳನ್ನು ನೋಡಿದರು, ಆಮೇಲೆ ಡಬ್ಬಿಯನ್ನು ನೋಡಿದರು. "ಮೊದಲು ಅದು ಆಗಲಿ," ಎಂದರು. "ಉಳಿದದ್ದು ಮತ್ತೆ."

ಶುಕ್ರವಾರ ಹತ್ತು ಗಂಟೆಗೆ ಹಳೇ ಘಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿರು ಬಳೆ, ಹೂವು, ಮೊರ, ಬುಟ್ಟಿ. ಮೆಟ್ಟಿಲ ಕೆಳಗೆ ಕೆನೆ ಅಂಗಳದಷ್ಟು ಅಗಲ ಸೀಳಿಕೊಂಡು ಕಪ್ಪು ನೀರು ಕಾಣುತ್ತಿತ್ತು. ಲೋಬೋ ಮೇಲಿನ ಮೆಟ್ಟಿಲ ಮೇಲೆ ನಿಂತು ದೊಡ್ಡ ಚಿತ್ರಪಟ ಬಿಚ್ಚಿ ಜೀವಕೋಶ, ಎಳೆ, ಬೆಳಕಿನ ಎಣಿಕೆ ಎಲ್ಲ ವಿವರಿಸಿದರು. ಜನ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಒಬ್ಬಾಕೆ, "ಚಲೋ ಚಿತ್ರ ಬರದೀರಿ ಮೇಡಮ್ಮಾರ," ಅಂದಳು. ಆಮೇಲೆ ಎಲ್ಲರೂ ಮೊರ ಎತ್ತಿಕೊಂಡು ಮೆಟ್ಟಿಲಿಳಿಯಲು ಹೊರಟರು.

ಎಲ್ಲರ ಮುಂದೆ ಗಾಳೆವ್ವ. ಸೊಸೆ ಹಿಂದಿನ ಸಂಜೆಯೆಲ್ಲ ಹೇಳಿದ್ದನ್ನು ಅವಳು ಕೇಳಿಯೂ ಒಪ್ಪಿರಲಿಲ್ಲ.

"ಅತ್ತಿ, ನಿಂದರ್ರಿ," ಎಂದು ಸಾವಂತ್ರಿ ಅಡ್ಡ ಬಂದಳು.

"ಹಾದಿ ಬಿಡು. ಗಂಗವ್ವನ ಉಡಿ ಬರಿದು ಮಾಡಂತಿ ಏನು? ವಿಷ ಹಾಕೂ ಹೊತ್ತಿನಾಗ ಅಕಿನ್ನ ಕೈಬಿಡಲಿ ಏನು?"

"ಉಡಿ ತುಂಬರಿ, ಬ್ಯಾಡಂತ ಯಾರಂದರು? ಅಕ್ಕಿ ಹಾಕ್ರಿ, ಕಾಯಿ ಹಾಕ್ರಿ, ಕುಪ್ಪಸ ಹಾಕ್ರಿ. ಆ ತುಂಡೊಂದು ಬ್ಯಾಡ."

"ಅದು ಅಕಿದ ಐತಲ್ಲ! ಅಕಿದು ಅಕಿಗೆ ಕೊಡದ ಇಟಗೋಬೇಕೇನು?"

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಜೀವಿ, ಎಣಿಕೆ, ಎಳೆ, ಯಾವುದೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಡಿಗೆಯ ಮುಂದೆ ಅತ್ತೆ ಆಡಿದ ಮಾತು ಆಗ ಅವಳಿಗೆ ನೆನಪಾಯಿತು.

"ಅತ್ತಿ, ಒಂದ ಮಾತು ಕೇಳತೀನಿ, ಖರೇ ಹೇಳ್ರಿ. ನೀವ ನಿನ್ನೆ ಅದಕ್ಕ ಏನಂದ್ರಿ? ಹೆಪ್ಪು ಇದ್ದಂಗ ಅಂದ್ರಿಲ್ಲೋ?"

"ಅಂದೆ. ಇದ್ದಂಗನ ಐತಿ."

"ಒಂಚೂರು ಬಿಟ್ಟರ ಗಡಿಗಿ ಗಟ್ಟಿ ಕೂಡತೈತಿ?"

"ಕೂಡತೈತಿ."

"ಹಂಗಾರ ಇವತ್ತು ಯಾ ವಾರ?"

ಗಾಳೆವ್ವ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

"ಶುಕ್ರವಾರ ಮನಿಯಿಂದ ಹೆಪ್ಪು ಹೊರಗ ಕೊಡತೀರೇನು?" ಸಾವಂತ್ರಿ ಈಗ ಎಲ್ಲರ ಕಡೆ ತಿರುಗಿದಳು. "ಹೇಳ್ರಿ ಚಿಗವ್ವ, ನೀವು ಕೊಡತೀರೇನು? ನನ್ನ ಮದುವಿ ಆದ ಹೊಸದಾಗ ಒಂದ ಶುಕ್ರವಾರ ಬಾಜೂ ಮನಿಗೆ ಒಂದ ಚಮಚಾ ಹೆಪ್ಪು ಕೊಟ್ಟಿದ್ದಕ್ಕ ನಮ್ಮತ್ತಿ ಎಂಟ ದಿನ ನನ್ನ ಕೂಡ ಮಾತು ಬಿಟ್ಟಿದ್ದರು. ಇನ್ನೊಂದು ಕೇಳತೀನಿ. ಇಸಗೊಂಡ ಹೆಪ್ಪು ಯಾರಾದರೂ ತಿರುಗಿ ಕೊಡತಾರೇನು? ಕೊಟ್ಟಾಕಿನ ಮನಿಗೆ ಹೋಗಿ, ತಗೋರವಾ ನಿಮ್ಮ ಹೆಪ್ಪು ಅಂದರ ಅಕಿ ಏನಂತಾಳ?"

"ನನ್ನ ಮನ್ಯಾಗ ಹಾಲಿಲ್ಲೇನು, ಹೈನ ಮುಗೀತೇನು ಅಂತಾಳ," ಎಂದಳು ಹಿಂದಿನಿಂದ ಯಾರೋ. "ಹೊರಗ ಹಾಕತಾಳ."

"ಅದನ್ನ ನಾವು ಐದು ವಾರದಿಂದ ಗಂಗವ್ವಗ ಮಾಡಾಕತ್ತೀವಿ."

ಲೋಬೋ ಚಿತ್ರಪಟವನ್ನು ಎದೆಗವಚಿಕೊಂಡು, ಏನು ನಡೆಯುತ್ತಿದೆಯೆಂದು ಅರ್ಥವಾಗದೆ, ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಗಾಳೆವ್ವನ ಮುಖ ಮೊದಲು ಕೆಂಪಾಯಿತು, ಆಮೇಲೆ ಸಪ್ಪಗಾಯಿತು. ಐದು ವಾರ ಮುಂದೆ ನಿಂತು ಉಡಿ ತುಂಬಿಸಿದವಳು ಅವಳೇ.

"ಯವ್ವಾ, ಎಂಥಾ ಕೆಲಸ ಮಾಡಿದ್ವಿ," ಎಂದಳು ಬಹಳ ಮೆಲ್ಲಗೆ. ಮೊರವನ್ನು ಮೆಟ್ಟಿಲ ಮೇಲಿಟ್ಟು ಅಕ್ಕಿಯೊಳಗೆ ಕೈ ಹಾಕಿ, ಕುಪ್ಪಸದ ಕಣ ಬಿಚ್ಚಿ, ಬಿಳಿ ತುಂಡನ್ನು ಹೊರಗೆ ತೆಗೆದಳು. "ತಗೀರವಾ, ಎಲ್ಲಾರೂ ತಗೀರಿ. ಶುಕ್ರವಾರ ಹೆಪ್ಪು ಹೊರಗ ಹೋಗಬಾರದು."

ನೂರಾರು ಕೈಗಳು ಅಕ್ಕಿಯೊಳಗೆ ಇಳಿದವು. ಆಮೇಲೆ ಗಾಳೆವ್ವನೇ ಮುಂದಾಗಿ ಉಡಿ ತುಂಬಿದಳು. ಅಕ್ಕಿ, ಕಾಯಿ, ಅರಿಸಿನ, ಕುಪ್ಪಸ. ಬಗ್ಗಿ ನೀರು ಮುಟ್ಟಿ ಅದೇನೋ ಗುಣುಗುಣು ಹೇಳಿಕೊಂಡಳು. ಸಾವಂತ್ರಿಗೆ ಕೇಳಿಸಿದ್ದು ಒಂದೇ ಮಾತು, "ನಮಗ ಗೊತ್ತಾಗಲಿಲ್ಲವಾ."

ಆ ಮಧ್ಯಾಹ್ನ ಮನೆಮನೆಯ ಗಡಿಗೆಯ ಕೆನೆಯೂ ಹೊರಬಂತು. ಕುದಿಯುವ ನೀರಿಗೆ ಹಾಕಿದರೆ ಅದು ಕರಗಿ ಸಾಯುತ್ತದೆ ಎಂದು ಲೋಬೋ ಹೇಳಿದ್ದರು. ಮದುವೆಯ ಹಂಡೆಗಳನ್ನು ತಂದು ಓಣಿಯಲ್ಲಿ ಒಲೆ ಹೂಡಿದರು. ಕರಗಿದ ನೀರನ್ನು ಆರಿಸಿ ಬೇವಿನ ಗಿಡಗಳಿಗೆ ಹೊಯ್ದರು.

ಶನಿವಾರ ಬೆಳಿಗ್ಗೆ ಯಂತ್ರದ ಕೋಣೆಯಲ್ಲಿ ಇಬ್ಬರೂ ಪರದೆಯ ಮುಂದೆ ಕೂತರು. ಘಾಟಿನ ಗೆರೆ ಮೂವತ್ನಾಲ್ಕರಲ್ಲಿತ್ತು. ಪ್ರತಿವಾರ ಅದು ಜಿಗಿಯಲು ಶುರುಮಾಡುವುದು ಒಂಬತ್ತರ ಸುಮಾರಿಗೆ. ಒಂಬತ್ತಾಯಿತು. ಹತ್ತಾಯಿತು. ಮೂವತ್ತೊಂದು.

"ಇಳೀತದೆ," ಎಂದರು ಲೋಬೋ ಪಿಸುಮಾತಿನಲ್ಲಿ, ಜೋರಾಗಿ ಹೇಳಿದರೆ ಗೆರೆ ಬೆಚ್ಚಿಬೀಳುತ್ತದೋ ಎಂಬಂತೆ.

ಹನ್ನೆರಡಕ್ಕೆ ಗೆರೆ ಒಂದು ಸಲ ಮೇಲೆದ್ದಿತು. ಸಾವಂತ್ರಿ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಯಾರೋ ಒಬ್ಬಾಕೆ ಕದ್ದು ಹೋಗಿ ಹಾಕಿದಳೇನೋ, ಹಳೆಯ ತುಂಡು ಎಲ್ಲಾದರೂ ಉಳಿದಿತ್ತೇನೋ. ಇಬ್ಬರೂ ಕಿಟಕಿಗೆ ಓಡಿ ನೋಡಿದರೆ ಘಾಟಿನ ತೇಲುಬುಡ್ಡಿಯ ಮೇಲೆ ಎಮ್ಮೆಯೊಂದು ಗದ್ದ ಇಟ್ಟು ಆರಾಮವಾಗಿ ನಿಂತಿತ್ತು. ಬಿಸಿಲಿಗೆ ಬೇಸತ್ತು ತೆರೆದ ನೀರಿಗೆ ಇಳಿದಿತ್ತು. ಲೋಬೋ ನಕ್ಕರು. ಐದು ವಾರದಲ್ಲಿ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು, ಕನ್ನಡಕ ಜಾರುವ ಹಾಗೆ ನಕ್ಕರು. ಸಾವಂತ್ರಿಗೂ ತಡೆಯಲಾಗಲಿಲ್ಲ.

ಸಂಜೆಗೆ ಇಪ್ಪತ್ತೆರಡು. ಭಾನುವಾರ ಬೆಳಿಗ್ಗೆ ಪಡುವಣ ಗಾಳಿ ಎದ್ದಿತು. ಹಳತಾದ ಕೆನೆ ಅದರ ಹೊಡೆತಕ್ಕೆ ಹೋಳುಹೋಳಾಗಿ ಹರಿದು, ಒಂದರ ಮೇಲೊಂದು ಹತ್ತಿ, ಮುಳುಗಿ, ನೀರಾಯಿತು. ಹನ್ನೆರಡು ಗೆರೆಗಳೂ ಒಂದರ ಹಿಂದೊಂದು ಕೆಳಗಿಳಿದವು. ಉಸಿರಿಗೆ ಕಾದಿದ್ದ ಮೀನುಗಳು ತೆರೆದ ನೀರಿಗೆ ಬಂದು ಮೇಲಕ್ಕೆ ಜಿಗಿಯುತ್ತಿದ್ದವು. ದಡದ ಮೇಲೆ ಜನ ನಿಂತು ನೋಡಿದರು. ಕೆಲವರು ಸುಮ್ಮನೆ ಅಳುತ್ತಿದ್ದರು.

ಔಷಧದ ಲಾರಿ ಬಂದಾಗ ಲೋಬೋ ಅದನ್ನು ಕೇಂದ್ರದ ಬಾಗಿಲಲ್ಲೇ ತಡೆದು, ಕೆರೆಯ ಚಿತ್ರವನ್ನು ಮುಖ್ಯ ಕಚೇರಿಗೆ ಕಳಿಸಿದರು. ಮುಕ್ಕಾಲು ಗಂಟೆಗೆ ಉತ್ತರ ಬಂತು. ಲಾರಿಯವನಿಗೆ ಚಹಾ ಕುಡಿಸಿ ಹಾಗೇ ತಿರುಗಿಸಿ ಕಳಿಸಿದರು.

ಸಾವಂತ್ರಿ ಸೋಮವಾರ ತನ್ನ ಕೈಯಾರೆ ವರದಿ ಬರೆದಳು. ಮೊದಲ ವಾಕ್ಯದಲ್ಲೇ ತನ್ನ ಹೆಸರು ಹಾಕಿದಳು. ಲೋಬೋ ಓದಿ, ಒಂದು ಅಕ್ಷರವನ್ನೂ ತೆಗೆಯದೆ, ಕೆಳಗೆ ತಮ್ಮದೊಂದು ವಾಕ್ಯ ಸೇರಿಸಿದರು: ತಪ್ಪು ಮಾಡಿದವಳೂ ಇವಳೇ, ಕಂಡುಹಿಡಿದವಳೂ ಇವಳೇ, ಎರಡನೆಯದು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಮೇಲಿನವರಿಂದ ಒಂದು ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಅವಳ ಎದೆಯ ಮೇಲಿನ ಭಾರ ಇಳಿದದ್ದು ಮಾತ್ರ ಆ ಪತ್ರದಿಂದಲ್ಲ. ಹರಿಗೋಲು ಹೊತ್ತುಕೊಂಡು ಘಾಟಿಗೆ ನಡೆದ ಅತ್ತೆಯ ಬೆನ್ನನ್ನು ಹಿಂದಿನಿಂದ ನೋಡುತ್ತ ನಡೆದಾಗ, ಆಡಿದ ಮಾತು ತಡವಾಗಿಯಾದರೂ ಉಳಿಯಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಮುಂದಿನ ಶುಕ್ರವಾರ ಕೆಲಸದ ನಡುವೆ ಲೋಬೋ ಸಾವಂತ್ರಿಯನ್ನು ಕರೆದುಕೊಂಡು ಅಂಬಿಗರ ಓಣಿಗೆ ಬಂದರು. ಗಾಳೆವ್ವ ಆಚೆ ದಡದ ಎರಡು ಫೇರಿ ಮುಗಿಸಿ, ಹುಟ್ಟನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ಕೂತಿದ್ದಳು. ಮುಖ ಬಿಸಿಲಿಗೆ ಕಂದಿತ್ತು, ತುಟಿಯಲ್ಲಿ ಎಲೆಯಡಿಕೆ.

ಲೋಬೋ ಹೇಗೆ ಶುರುಮಾಡುವುದೆಂದು ತಿಳಿಯದೆ ಕೊಡೆ ಮಡಿಚಿದರು, ಬಿಚ್ಚಿದರು. ಪ್ರತಿವರ್ಷ ಮೂಲ ಗಂಜಿಯನ್ನು ಹಡಗಿನಲ್ಲಿ ಹೊರದೇಶದಿಂದ ತರಿಸಬೇಕು, ದಾರಿಯಲ್ಲಿ ಅರ್ಧ ಸತ್ತು ಬರುತ್ತದೆ. ಇಲ್ಲಿ ನೋಡಿದರೆ ನಾಲ್ಕು ತಿಂಗಳು ಕತ್ತಲ ಗಡಿಗೆಯಲ್ಲಿ ಅದನ್ನು ಎಳೆಯದಾಗಿ ಇಟ್ಟವರು ಕಣ್ಣೆದುರೇ ಕೂತಿದ್ದಾರೆ. ಇದನ್ನೆಲ್ಲ ಹೇಳಿ, "ಎಲ್ಲ ಕುದಿಸಿ ಆಯ್ತು ಅಂತ ಗೊತ್ತುಂಟು ಅಮ್ಮ. ಆದರೂ ಕೇಳ್ತೇನೆ. ಅಪ್ಪಿತಪ್ಪಿ ಒಂದು ಚೂರು ಎಲ್ಲಾದ್ರೂ ಉಳಿದುಂಟಾ? ಬರುವ ವರ್ಷಕ್ಕೆ," ಅಂದರು.

ಸಾವಂತ್ರಿ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಲಿಲ್ಲ. ಎದ್ದು ಒಳಗೆ ಹೋಗಿ, ಅಡುಗೆಮನೆಯ ಮೂಲೆಯಿಂದ ಬಟ್ಟೆ ಸುತ್ತಿದ ಹಿತ್ತಾಳೆ ಡಬ್ಬಿಯೊಂದನ್ನು ಹೊಸ್ತಿಲವರೆಗೆ ತಂದಳು, ಅಲ್ಲೇ ನಿಂತಳು.

"ಅತ್ತೀ! ಎಲ್ಲಾ ಹಾಕೀನಿ ಅಂದಿದ್ರಿ!"

"ಹೆಪ್ಪು ಪೂರಾ ತೀರಸಾಕ ನನಗೇನು ತಲಿ ಕೆಟ್ಟಿತ್ತೇನು? ಯಾ ಮನ್ಯಾಗ ತೀರಸತಾರ?" ಗಾಳೆವ್ವ ಗದರಿದಳು. "ಗಡಿಗ್ಯಾಗ ಇಟ್ಟಿಲ್ಲ, ಕೆರಿಗೆ ಒಯ್ದಿಲ್ಲ. ಬಾಯಿ ಕಟ್ಟಿ ಇಟ್ಟೀನಿ."

ಲೋಬೋ ಮುಖ ಅರಳಿತು. ಎರಡೂ ಕೈ ಮುಂದೆ ಚಾಚಿಕೊಂಡು ಹೊಸ್ತಿಲ ಹತ್ತಿರ ಬಂದರು.

ಗಾಳೆವ್ವ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು.

"ಇವತ್ತು ಶುಕ್ರವಾರ ಐತ್ರಿ ಮೇಡಮ್ಮಾರ," ಎಂದಳು. "ನಾಳೆ ಬರ್ರಿ."